ನಲವತ್ತು ಸುತ್ತು

ಬ್ರೇಕ ಬಿಚ್ಚಿದೆ. ಎರಡೂ.
ಪೇಪರಿನಾಗ ಸುತ್ತಿ ಅಂಗಿ ಕಿಸೇಕ ಹಾಕ್ಕೊಂಡೆ.
ಸುಗಂಧಾ ನೋಡತಿದ್ದಳು,
ಕಿತ್ತ ಹಲ್ಲನ್ನ ಡಾಕ್ಟರ ಕೈಯಾಗ ನೋಡಿದಂಗ.

"ಲಾಳೇಸಾಬ ಕಾಕಾ, ಹಂಗಾರ ಇದನ್ನ ನಿಲ್ಲಿಸೂದು ಹೆಂಗ?"

ನಿಲ್ಲಿಸಾಕ ಬರೂದಿಲ್ಲವ್ವಾ, ದಣಿಸಬೇಕು.
ಕಾಲು ಹಿಂದಕ ಒತ್ತಿ, ಸಾವಕಾಶ,
ಬೆದರಿದ ಎಮ್ಮಿ ಹಗ್ಗ ಜಗ್ಗಿ ಹಿಡಿದಂಗ.
ಒಂದ ಮಾತು ನೆಪ್ಪಿಡು: ತುಳಿಯೂದು ಬಿಡಬ್ಯಾಡ.
ಗಾಲಿ ತಿರುಗೂ ಮಟ ಪೆಡಲು ತಿರಗತೈತಿ,
ಪೆಡಲು ತಿರುಗೂ ಮಟ ನೀನು.

ರಸ್ತಾದಾಗ ಆಕಿನ್ನ ಹಿಡದವರಿಲ್ಲ.
ಕೋಳಿ ಕೂಗೂಕಿಂತ ಮೊದಲ ತಿಕೋಟಾ ಬಿಟ್ಟರ
ಒಣದ್ರಾಕ್ಷಿ ಶೆಡ್ಡಿನ ಗಂಧಕದ ಘಾಟು,
ಹೆಡ್‌ಲೈಟ್ ಒಂದೇ ಇರೂ ಕಬ್ಬಿನ ಟ್ರ್ಯಾಕ್ಟರು,
ಬಬಲೇಶ್ವರದ ತಿರುವಿನಾಗ ಕುಂಟು ನಾಯಿ,
ಆಮೇಲೆ ಬರೇ ಗಾಳಿ, ಎದುರುಗಾಳಿ,
ಆಮೇಲೆ ಕೊಲ್ಹಾರದ ಇಳಕಲು.
ಅಲ್ಲಿ ಕಾಲು ಬಿಟ್ಟು ಕುಂಡ್ರತಿದ್ದಳು.
ಮುಂದ ಕೃಷ್ಣಾ, ಕೆಳಗ ಟಿಕ್ ಟಿಕ್ ಟಿಕ್ ಫ್ರೀವೀಲು.
ಆ ಸಪ್ಪಳ ಆಕಿಗೆ
ಬುತ್ತಿಗಂಟು ಬಿಚ್ಚಿದಷ್ಟ ಸುಖ.

ಇಲ್ಲಿ ಆ ಸಪ್ಪಳ ಇಲ್ಲ.
ಇದು ತತ್ತಿಯಂಗ ಉದ್ದಕ ಎಳದ ಸಿಮೆಂಟಿನ ಪರಾತ,
ಅಂಚು ಎತ್ತರ, ನಡುವ ತಗ್ಗು.
ಮೊದಲನೇ ದಿನ ತಿರುವಿನ ಮಟ ಹೋಗಿ ಇಳದ ಬಂದಳು.
"ರಸ್ತಾ ಅಲ್ಲ ಇದು ಕಾಕಾ, ಗ್ವಾಡಿ."
ಸ್ವಲ್ಪ ನಿಂತು ಕೇಳಿದಳು,
"ಎಲ್ಲಿಗಿ ಹೋಗತೈತಿ?"
ನಾ ಏನು ಹೇಳಲಿ. ಮೂವತ್ತು ವರ್ಷ ಆತು
ಈ ರೇಸಿಗೆ ಮಂದಿ ಸೈಕಲ್ಲು ಕಟ್ಟಿಕೊಡಾಕ ಹತ್ತಿ,
ಒಂದ ದಿನಾನೂ ಮ್ಯಾಲ ಹತ್ತಿ ನೋಡಿದಾಂವಲ್ಲ.

ಕಾರಹುಣ್ಣಿವಿ ಮರುದಿನ, ಸಂಜಿ ಐದು.
ವಿಜಯಪುರದ ಅರ್ಧ ಪ್ಯಾಟಿ ಗೋಡೆ ಮ್ಯಾಲ.
ಹನ್ನೆರಡು ಹುಡುಗ್ಯಾರು, ಸೀಟಿ ಊದಿತು, ಹೋದವು.

ಆಮೇಲೆ ಹೇಳಿದಳು ನನಗ:
ರಸ್ತಾದಾಗ ಯಾವ ಗಿಡಾನೂ ಎರಡ ಸಲ ಬರೂದಿಲ್ಲ ಕಾಕಾ,
ಇಲ್ಲಿ ಎಲ್ಲಾ ಬರತಾವು.
ಅದ ಗೊಬ್ಬರದ ಕಂಪನಿ ಬೋರ್ಡು,
ಅದ ಪೊಲೀಸಪ್ಪನ ಆಕಳಿಕೆ,
ಅದ ನೀನು, ಕಿಸೇದ ಮ್ಯಾಲ ಕೈ.
ಒಬ್ಬ ಹುಡುಗ ಚುರುಮುರಿ ತಿನಕೋತ ಕುಂತಿದ್ದ,
ಸುತ್ತು ಸುತ್ತಿಗೂ ಆತನ ಪೊಟ್ಟಣ ಅಷ್ಟಷ್ಟ ಇಳೀತಿತ್ತು.
ಅದನ್ನ ನೋಡಿ ತಿಳೀತು,
ನಾನೂ ಎಲ್ಲೋ ಹೊಂಟೀನಿ ಅಂತ.

ಗಂಟಿ ಬಡೀತು. ಕಡೀ ಸುತ್ತು. ಎರಡನೇದಾಕಿ ನಮ್ಮಾಕಿ.
ಹಿಂದಿನ ತಿರುವಿನಾಗ ಮ್ಯಾಲ ಏರಿದಳು,
ಅಲ್ಲಿಂದ ಒಮ್ಮೆಲೆ ಕೆಳಗ, ಹಾರು ಬಿದ್ದಂಗ.
ಇಳಕಲು ಕಂಡ ಕೂಡಲೆ
ಕಾಲಿಗೆ ಕೊಲ್ಹಾರ ನೆಪ್ಪಾತು.

ನಿಂತವು ಕಾಲು.
ಎವಿ ಬಡಿಯೂದ್ರಾಗ ಅರ್ಧ ಎವಿ ಬಡದಷ್ಟು.

ಸೈಕಲ್ಲು ಒದೀತು. ಕರು ಒದ್ದಂಗ ಅಲ್ಲ, ಹೋರಿ ಒದ್ದಂಗ.
ಕುಂಡಿ ಸೀಟ ಬಿಟ್ಟು ಮ್ಯಾಲ ಎದ್ದದ್ದು ಕಂಡೆ,
ಗಾಲಿ ಹಾವಾದದ್ದು ಕಂಡೆ,
ಯಾ ಖುದಾ ಅಂದೆ, ಬಾಜೂಕಿನಾಂವ ಬಸವಣ್ಣಾ ಅಂದ.
ಬೀಳಲಿಲ್ಲ.
ಐದು ಮಂದಿ ದಾಟಿ ಹೋದರು.

ರೇಸು ಮುಗೀತು, ಸುಗಂಧಾ ಮುಗೀಲಿಲ್ಲ.
ಮಂದಿ ಇಳದು ನೀರು ಕುಡೀತಿದ್ದರು,
ಆಕಿ ತಿರಗತಾನ ಇದ್ದಳು.
ನನ್ನ ಮುಂದ ಹಾದಾಗ, "ಕಾಕಾ, ನಿಂದ್ರವಲ್ದು!"
ಮತ್ತೊಂದು ಸುತ್ತಿಗೆ, "ಎಷ್ಟನೇದು?"
ಏಳು ಅಂದೆ. ಕೇಳಿಸ್ತೋ ಇಲ್ಲೋ,
ಮುಂದಿನ ಸುತ್ತಿಗೆ ಮಾರಿ ಒದ್ದಿ ಇತ್ತು,
ಬೆವರಂತ ತಿಳಕೊಂಡೆ.
ಅದರಾಚಿ ಸುತ್ತಿಗೆ, "ಬ್ರೇಕು ಎಲ್ಲಿ ಅದಾವು?"
ಕಿಸೇದಾಗ! ಅಂತ ಒದರಿದೆ.
ಚುರುಮುರಿ ಹುಡುಗ ಖಾಲಿ ಕಾಗದ ಉಬ್ಬಿಸಿ
ಫಟ್ಟಂತ ಒಡದ.

ಸಾವಕಾಶ ಬಂದಳು ಈಗ, ತಗ್ಗಿನ ಗೆರಿ ಹಿಡದು.
ಸೀಟಿಗೆ ಕೈ ಹಾಕಿ ಜೋಡಿ ನಾಕ ಹೆಜ್ಜಿ ಓಡಿದೆ,
ಐವತ್ತೆಂಟರ ಮೊಣಕಾಲು.
ನಾ ಕಿಸೇಕ ಕೈ ಒಯ್ಯೂದ್ರಾಗ
"ಅಲ್ಲೇ ಇರ್ಲಿ" ಅಂದಳು.