ಅಕ್ಷರಕ್ಕೆ ಇಷ್ಟು

ಬುರ್ಜ್ ಹಮ್ಮೂದಿನ ಅರ್ಧ ಅಂಗಡಿಗಳ
ಹಣೆಬರಹ ನನ್ನ ಕೈಬರಹ.
ಮೂರು ಲಿಪಿ, ಒಂದೇ ಕುಂಚ.
ಅರಬ್ಬಿಗೆ ಬಲದಿಂದ ಎಡಕ್ಕೆ ಸರಿದು
ಫ್ರೆಂಚಿಗೆ ಅದೇ ಏಣಿಯಲ್ಲಿ ಹಿಂದಿರುಗುತ್ತೇನೆ.
ನಮ್ಮ ಅರ್ಮೇನಿಯನ್ ಕೊನೆಗೆ, ಮೇಲುಗಡೆ, ಚಿಕ್ಕದಾಗಿ,
ಗಿರಾಕಿ ಕೇಳದಿದ್ದರೂ.
ದರ ಅಕ್ಷರಕ್ಕೆ ಇಷ್ಟು. ಚುಕ್ಕೆಗೆ ಕಾಸಿಲ್ಲ.

ಬ್ಯಾಂಕು ನನ್ನ ಡಾಲರು ನುಂಗಿ
ಕಬ್ಬಿಣದ ಶಟರು ಎಳೆದುಕೊಂಡ ಮೇಲೆ
(ಆ ಶಟರಿನ ಮೇಲಿನ ಹೆಸರೂ ನಾನೇ ಬರೆದದ್ದು)
ಹಣ ಫೋನಿಗೆ ಬರತೊಡಗಿತು.
ದಾಳಿಂಬೆ ರಸದ ಮರ್ವಾನ್ ಕೇಳಿದ, ವಿಳಾಸ ಹೇಳು.
ಸೊನ್ನೆ ಎಕ್ಸ್ ಏಳು ಎಫ್ ಬಿ ಎಂಟು ಎಂಟು ಡಿ…
ನಲವತ್ತೆರಡು ಅಕ್ಷರ.
ಉಸಿರು ಬಿಡಲು ಜಾಗವಿಲ್ಲ,
ಯಾವ ತಾಯಿಯೂ ಕೂಗದ ಹೆಸರು.
ತಗಡಿನ ಚೂರಿನ ಮೇಲೆ ಬರೆದುಕೊಟ್ಟೆ,
ಎಲ್ಲ ದೊಡ್ಡಕ್ಷರ, ಬೋರ್ಡಿಗೆ ಬರೆವಂತೆ.
ನನ್ನ ಬಿ ಚೆಂದವಿತ್ತು, ಹೊಟ್ಟೆ ತುಂಬಿಕೊಂಡಿತ್ತು;
ಅವನ ಕಣ್ಣಿಗೆ ಅದು ಎಂಟು.
ನೂರಾ ಎಂಬತ್ತು ಡಾಲರು
ಯಾರೂ ಇಲ್ಲದ ಮನೆಯ ಕದ ತಟ್ಟಿ ಒಳಗೆ ಹೋಯಿತು.
ತಕರಾರು ಬರೆದುಕೊಳ್ಳಲು ಗುಮಾಸ್ತನೂ ಇಲ್ಲ ಅಲ್ಲಿ.

ಫೋನ್ ರಿಪೇರಿಯ ಷೋಘಿಕ್ ನಕ್ಕಳು.
"ಪಾರ್ಸೆಘ್ ಮಾಮ, ಅದನ್ನು ಬಿಡಿ, ಹೆಸರು ಕೊಳ್ಳಿ.
ಹೆಸರು ಹೇಳಿದರೆ ಸಾಕು,
ದುಡ್ಡು ದಾರಿ ಕೇಳಿಕೊಂಡು ಬರುತ್ತೆ."
ದರಪಟ್ಟಿ ತೋರಿಸಿದಳು.
ಮೂರಕ್ಷರಕ್ಕೆ ಆರುನೂರ ನಲವತ್ತು,
ನಾಲ್ಕಕ್ಕೆ ನೂರಾ ಅರವತ್ತು,
ಐದೋ ಹತ್ತೋ ಇದ್ದರೆ ವರ್ಷಕ್ಕೆ ಐದೇ ಡಾಲರು.
ಎಂಥ ಅಂಗಡಿ ಮಗಳೇ ಇದು,
ಅಕ್ಷರ ಕಡಿಮೆಯಾದಷ್ಟೂ ಬೆಲೆ ಏರುವುದು!
ಹೀಗಿದ್ದರೆ ನಾನು ಖಾಲಿ ತಗಡು ಮಾರಿಯೇ
ಸಾಹುಕಾರನಾಗುತ್ತಿದ್ದೆ.

ಪಾರ್ಸೆಘ್: ಯಾರೋ ಹಿಡಿದಿದ್ದಾರೆ. ಎರಡು ಸಾವಿರಕ್ಕೆ ಬಿಡುತ್ತಾರಂತೆ.
ನನ್ನ ಹೆಸರಿನ ಮೇಲೆ ಕೂತು ಕಾಲು ಆಡಿಸುವವನು ಯಾರು?
ಬೊಯಾಜಿಯಾನ್: ಅದೂ ಹೋಗಿದೆ.
ಹೋಗಲಿ, ಅದು ನಮ್ಮದಲ್ಲ.
ಬಂದರಿನ ಕಟ್ಟೆಯಲ್ಲಿ, ಹಡಗಿಳಿದ ದಿನ,
ಗುಮಾಸ್ತ ಹೆಸರು ಕೇಳಿದ,
ಅಜ್ಜ ಕಸುಬು ಕೇಳಿದನೆಂದುಕೊಂಡು
"ಬೊಯಾಜಿ" ಅಂದ, ಬಣ್ಣದವನು.
ಮಸಿ ಒಣಗಿತು.
ನಾವಷ್ಟೂ ಜನ ಆ ಒಂದು ಕಿವಿಯ ಮಕ್ಕಳು.

ಹಳೆಯ ಮನೆತನದ ಹೆಸರು
ಅಪ್ಪ ನನಗೆ ಹೇಳಿದ್ದು ಒಂದೇ ಸಲ,
ಏಣಿ ಹಿಡಿದುಕೊಂಡು, ಕೆಳಗಿನಿಂದ ಮೇಲಕ್ಕೆ.
ಬರೆದುಕೊಡು ಎಂದು ಯಾರೂ ಕೇಳಿರಲಿಲ್ಲ.
ಒಂದೊಂದೇ ಅಕ್ಷರ ಒತ್ತಿದೆ. ಒಂಬತ್ತು.
ಕೊನೆಗೆ ಚುಕ್ಕೆ, ಅದರ ಹಿಂದೆ ಈಥ್ ಎಂಬ ಬಾಲ.
ಹಸಿರಿನಲ್ಲಿ ಬಂತು: ಲಭ್ಯವಿದೆ.
ಷೋಘಿಕ್ ಚಪ್ಪಾಳೆ ತಟ್ಟಿದಳು.
ನಾನು ಕುರ್ಚಿ ಎಳೆದುಕೊಂಡು ಕೂತೆ.
ಇಡೀ ಭೂಮಿಯ ಮೇಲೆ
ಬೇಕೆಂದವರಿಲ್ಲ, ಇಟ್ಟುಕೊಂಡವರಿಲ್ಲ.
ಲಭ್ಯವಿದೆ.

ಮೊದಲೊಂದು ಗುಟ್ಟಿನ ಮುದ್ರೆ,
ಆಮೇಲೆ ಒಂದು ನಿಮಿಷ ಕಾಯಬೇಕಂತೆ,
ನಡುವೆ ಬೇರೆಯವರು ಹಾರಿಸಿಕೊಂಡು ಹೋಗದಂತೆ.
ಕರೆಂಟು ಹೋಯಿತು.
ಬೀದಿಯ ಜನರೇಟರು ಕೆಮ್ಮಿ, ದನಿ ಹಿಡಿಯಿತು.
ನೂರು ವರ್ಷದ ಮೇಲೆ ಒಂದು ನಿಮಿಷ.
ಕಾದೆ.
ಹೆಸರಿಗಿಂತ ಕೆತ್ತುವ ಕೂಲಿಯೇ ಹೆಚ್ಚಾಯಿತು. ಕೊಟ್ಟೆ.
ನಾನೂ ಕೂಲಿಯವನೇ.

ಗುರುವಾರ ಮರ್ವಾನ್ ಅದನ್ನು ಬಾಯಿಬಿಟ್ಟು ಓದಿದ,
ಅರಬ್ಬಿ ಗಂಟಲಲ್ಲಿ, ಅಡ್ಡಾದಿಡ್ಡಿ.
ಹನ್ನೆರಡು ಡಾಲರು ಬಂತು.
ಹಿಂದೆಯೇ ಕಣ್ಣು ಮಿಟುಕಿಸಿದ:
"ಮುನ್ನೂರ ಏಳು ಇಟ್ಟುಕೊಂಡಿದ್ದೀಯಲ್ಲ,
ಫ್ರಿಜ್ಜಿನ ಬಾಕಿ ಕೊಡು."
ಹೆಸರು ಹಾಕಿದ ಬಾಗಿಲು ಗಾಜಿನದು ಎಂದು
ಯಾರೂ ಹೇಳಿರಲಿಲ್ಲ.

ಬೀಗದ ಹನ್ನೆರಡು ಪದಗಳನ್ನು
ನನ್ನದೇ ಬೋರ್ಡಿನ ಬೆನ್ನಿಗೆ ಬರೆದು
ಮೇಲೆ ಎರಡು ಕೋಟು ಬೂದು ಬಳಿದೆ.
ಓರೆ ಬೆಳಕು ಬಿದ್ದರೆ ಕುಂಚದ ಅಂಚು ಏಳುತ್ತದೆ.
ಷೋಘಿಕ್‌ಗೆ ಹೇಳಿದ್ದೇನೆ:
ಬೆಳಗ್ಗೆ ಏಳಕ್ಕೆ, ಪೂರ್ವದ ಕಡೆಯಿಂದ ನೋಡು.

ಮಾರ್ಚ್ ಹನ್ನೊಂದಕ್ಕೆ ಅವಧಿ ಮುಗಿಯುತ್ತದೆ.
ಕಟ್ಟದಿದ್ದರೆ ತೊಂಬತ್ತು ದಿನ ನೋಡುತ್ತಾರೆ,
ಆಮೇಲೆ ಮತ್ತೆ ಹಸಿರು.
ಹಾಗಾಗಿ ಇವತ್ತು ಔಷಧದಂಗಡಿಯವನಿಗೆ
ಉದ್ರಿ ಬರೆಯುವುದಿಲ್ಲ ಅಂದುಬಿಟ್ಟೆ.
ಮೊದಲ ಸಲ
ಚುಕ್ಕೆಗೂ ಕಾಸು ಕೇಳಿದೆ.