ಅಂಗೈಯಗಲ ಗಾಜು

ಚದಲಪುರದ ಕ್ರಾಸಿನಲ್ಲಿ ಹುಣಸೆಮರದ ಬುಡಕ್ಕೆ
ಮೂರೂವರೆಗೇ ಕೆಮ್ಮಲು ಶುರುಮಾಡುತ್ತದೆ
ನನ್ನ ಕಂಪ್ರೆಸರು.
ಟೀ ಅಂಗಡಿಯ ನಾಯಿ ಒಂದು ಕಣ್ಣು ತೆರೆದು
ಮತ್ತೆ ಬಾಲದೊಳಗೆ ಮೂತಿ ಇಡುತ್ತದೆ.
ಊರವರು ನನ್ನ ಹೆಸರು ಮರೆತು ಎಷ್ಟೋ ವರ್ಷ.
ಗಾಳಿಯಕ್ಕ, ಅಷ್ಟೇ.
ಹೊಸಬರು ನಗುತ್ತಾರೆ: ಗಾಳಿ ಹಿಡಿದವಳಾ?
ಹಿಡಿದವಳಲ್ಲಪ್ಪ, ತುಂಬುವವಳು.

ಧನುರ್ಮಾಸದಲ್ಲಿ ಗಾಳಿಗೂ ಚಳಿಯಾಗುತ್ತದೆ.
ಹೇಳಿದರೆ ಯಾರೂ ನಂಬುವುದಿಲ್ಲ.
ಮಧ್ಯಾಹ್ನದ ಬಿಸಿಲಲ್ಲಿ ಕೈಕಾಲು ಚಾಚಿ ಮಲಗಿದ್ದು
ನಡುರಾತ್ರಿ ಮಂಡಿಯನ್ನು ಎದೆಗೆಳೆದುಕೊಂಡು
ಟಯರಿನೊಳಗೆ ಮುದುರುತ್ತದೆ,
ಕಂಬಳಿ ಸಾಲದ ಕೂಸಿನ ಹಾಗೆ.
ಮೊಳೆಯಿಲ್ಲ, ತೂತಿಲ್ಲ,
ಆದರೂ ಮೀಟರಿನ ಮುಳ್ಳು ಮೂರು ಗೆರೆ ಕೆಳಗೆ.
ಯಾರೋ ಕದ್ದರು ಎಂಬಂತೆ
ಗಂಗುಲಪ್ಪ ನನ್ನ ಮುಖವನ್ನೇ ನೋಡುತ್ತಾನೆ.

ಓಡಿ ಬಂದ ಟಯರನ್ನು ಕೇಳಬೇಡ, ಗಂಗುಲಪ್ಪ.
ಬಿಸಿಯಾಗಿರುವಾಗ ಅದು ಹೇಳುವುದೆಲ್ಲ ಜಂಬ.
ರಾತ್ರಿಯೆಲ್ಲ ನಿಂತು ತಣ್ಣಗಾದ ಮೇಲೆ ಕೇಳು,
ಆಗ ಬಾಯಿ ಬಿಡುತ್ತದೆ ನಿಜ.
ನನ್ನ ಅತ್ತೆಯನ್ನೂ ನಾನು ಹಾಗೆಯೇ
ಬೆಳಗಿನ ಜಾವ ಮಾತಾಡಿಸುತ್ತಿದ್ದೆ.

ಅವನ ಟೆಂಪೊ ತುಂಬ ಸೇವಂತಿಗೆ.
ಹಿಂದೆ ಮೂವತ್ತು ಕುಕ್ಕೆ, ಸಾಲದೆಂದು
ಕ್ಯಾಬಿನ್ನಿನಲ್ಲೂ ಎರಡು, ವೆಂಕಟರೋಣನ ತೊಡೆಯ ಮೇಲೊಂದು.
ಸಂಜೆ ಕಿತ್ತು ನೀರು ಚಿಮುಕಿಸಿದ ಹೂವು
ಸುಮ್ಮನಿರುತ್ತದೆಯೇ? ಉಸಿರಾಡುತ್ತದೆ.
ಇಬ್ಬರು ಗಂಡಸರು, ಒಂದು ಬೀಡಿ, ಅಷ್ಟೊಂದು ಹೂವು,
ಎಲ್ಲರ ಉಸಿರೂ ಹೋಗಿ ಗಾಜಿಗೆ ಕೂತು
ಒಳಗಿನಿಂದ ಹಾಲು ಬಳಿದಂತಾಗುತ್ತದೆ.
ಹೊರಗೆ ನಂದಿಬೆಟ್ಟದಿಂದ ಇಳಿದ ಮಂಜು.
ಅದೇ ಮಂಜು ಅವರೆಕಾಯಿಗೆ ಬಿದ್ದರೆ ಸೊಗಡು,
ಗಾಜಿಗೆ ಬಿದ್ದರೆ ಕುರುಡು.

ಹುಡುಗ ಸ್ವೆಟರಿನ ತೋಳಿನಿಂದ ಒಮ್ಮೆ ಉಜ್ಜಿ
ಅಂಗೈಯಗಲ ಕಿಂಡಿ ಮಾಡುತ್ತಾನೆ, ಡ್ರೈವರಿನ ಮೂಗಿನ ನೇರಕ್ಕೆ.
‘ಸಾಕು ಬಿಡಕ್ಕ, ದಾರಿ ಕಾಣ್ತದೆ.’

ದಾರಿ ಕಾಣುತ್ತದೆ.
ದಾರಿ ದಾಟುವವರು?
ಲೈಟಿಲ್ಲದ ಸೈಕಲ್ಲಿನಲ್ಲಿ ಕ್ಯಾನು ಕಟ್ಟಿಕೊಂಡು
ಡೇರಿಗೆ ಹೋಗುವ ದ್ಯಾವಣ್ಣ?
ತಲೆಗೆ ಟವೆಲ್ಲು ಸುತ್ತಿ, ಅವರೆ ಬಿಡಿಸಲು
ಕತ್ತಲಲ್ಲೇ ಹೊರಟ ನಾಲ್ಕು ಹೆಂಗಸರು?
ಅವರು ನಿನ್ನ ಅಂಗೈಯೊಳಗೇ ನಡೆಯುತ್ತಾರೇನು?

‘ಆರಕ್ಕೆ ರೇಟು ಬಿದ್ದೋಗ್ತದಕ್ಕ!’
ಬೀಳಲಿ.
ನಾನು ಗಾಳಿ ತುಂಬಿ ಮುಗಿಸಿದ್ದೇನೆ, ನಾಲ್ಕಕ್ಕೂ ಸಮ.
ವಾಲ್ವಿನ ಕ್ಯಾಪುಗಳು ಮಾತ್ರ ನನ್ನ ಮುಷ್ಟಿಯಲ್ಲಿವೆ.
ಗಾಜು ಒರೆಸಿದರೆ ಕೊಡುತ್ತೇನೆ, ಇಲ್ಲದಿದ್ದರೆ ಇಲ್ಲ.

ಬೈದುಕೊಂಡೇ ಇಳಿಯುತ್ತಾನೆ.
ಟೀ ಅಂಗಡಿಯಿಂದ ಅರ್ಧ ಆಲೂಗಡ್ಡೆ ಇಸಿದುಕೊಂಡು
ಗಾಜಿನ ಮೈಯೆಲ್ಲ ತಿಕ್ಕುತ್ತಾನೆ,
ಅವರಪ್ಪ ಲಾರಿ ಓಡಿಸುವಾಗ ಕಲಿಸಿದ್ದಂತೆ.
ನಾನು ಒಣಬಟ್ಟೆ ಎಸೆಯುತ್ತೇನೆ,
ಪಕ್ಕದ ಗಾಜುಗಳನ್ನು ಒಂದೊಂದು ಬೆರಳು ಇಳಿಸಲು ಹೇಳುತ್ತೇನೆ.
‘ಚಳಿಯಾಗ್ತದಲ್ಲ!’
ಆಗಲಿ, ಹೂವಿನ ಉಸಿರು ಆಚೆ ಹೋಗಬೇಕಲ್ಲ.
ಸೈಡಿನ ಕನ್ನಡಿ ಒರೆಸುವಾಗ
ವೆಂಕಟರೋಣ ಅದರಲ್ಲಿ ತನ್ನ ಮೀಸೆ ನೋಡಿಕೊಂಡ,
ಇನ್ನೂ ಬಂದಿಲ್ಲದ ಮೀಸೆ.

ಕ್ಯಾಪುಗಳನ್ನು ತಿರುಗಿಸಿ ಕೂರಿಸಿದೆ, ನಾಲ್ಕು.
ಟೆಂಪೊ ಅಗಲವಾಗಿ ಕಣ್ಣು ಬಿಟ್ಟುಕೊಂಡು ಹೊರಟಿತು.
ಕುಕ್ಕೆಯಿಂದ ಉದುರಿದ ಒಂದು ಹೂವು
ಗ್ರೀಸಿನ ಮೇಲೆ ಬಿದ್ದಿತ್ತು. ಮುಡಿದುಕೊಂಡೆ.

ಎಲ್ಲರೂ ಇಳಿಯುವುದಿಲ್ಲ.
ಬಿಸ್ಕತ್ತಿನ ಹಳೆಯ ಡಬ್ಬಿಯಲ್ಲಿ
ಮಾಲೀಕರಿಲ್ಲದ ಕ್ಯಾಪುಗಳಿವೆ, ಮೂವತ್ತೋ ನಲವತ್ತೋ,
ಇಟ್ಟುಕೋ ಹೋಗು ಎಂದು ಕ್ಲಚ್ ಬಿಟ್ಟವರವು.
ಹೆಚ್ಚಿನವರು ಮಾರನೆಯ ದಿನ ಬೈಯಲು ಬಂದರು.
ಒಂದು ಹಸಿರು ಬಣ್ಣದ್ದು, ಹೋದ ಪುಷ್ಯದ್ದು.
ಆ ಗಾಡಿ ಮತ್ತೆ ಈ ಕಡೆ ಬರಲಿಲ್ಲ.
ಬೇರೆ ದಾರಿ ಹಿಡಿದಿರಬಹುದು,
ಬೈಪಾಸು ಆದ ಮೇಲೆ ಎಷ್ಟೋ ಜನ ಹಿಡಿದರು.

ಡಬ್ಬಿ ಅಲ್ಲಾಡಿಸಿ ನೋಡಿ ಮುಚ್ಚಿಡುತ್ತೇನೆ.
ದೂರದಲ್ಲಿ ಇನ್ನೊಂದು ಲೈಟು, ಮಂಜಿನೊಳಗೆ
ತೊಳೆಯದ ಲೋಟದಲ್ಲಿಟ್ಟ ದೀಪದಂತೆ.
ಎದ್ದು ಪೈಪು ಎಳೆದುಕೊಳ್ಳುತ್ತೇನೆ.
ಕೈ ಕೊರೆಯುತ್ತಿದೆ.