ಪಾಸಂಗ

ಪೋಲೆಂಡಿನ ವೂಚ್ ಪಟ್ಟಣದ ಹಳೆಯ ನೂಲಿನ ಗಿರಣಿ
ಈಗ ನಮ್ಮ ಕಚೇರಿ.
ಮಗ್ಗಗಳಿದ್ದ ಜಾಗದಲ್ಲಿ ಮೇಜುಗಳು.
ನೆಲದಲ್ಲಿನ್ನೂ ಬೋಲ್ಟಿನ ತೂತುಗಳಿವೆ,
ದಿನಕ್ಕೊಮ್ಮೆಯಾದರೂ ಕುರ್ಚಿಯ ಗಾಲಿ ಸಿಕ್ಕಿಕೊಳ್ಳುತ್ತದೆ.
ಅಲ್ಲಿ ಕೂತು ಇಲ್ಲದ ಊರೊಂದರ ಜಗಳ ಬರೆಯುತ್ತೇನೆ:
ಒಂದು ಕಡೆ ನೇಕಾರರು, ಒಂದು ಕಡೆ ಧಣಿ,
ನಡುವೆ ಆಡುವವನ ಹೆಬ್ಬೆರಳು.
ಗುಂಡಿ ಎರಡು. ಒತ್ತಿದ ಮೇಲೆ ಹಿಂದಿರುಗುವಂತಿಲ್ಲ.

ನೂರು ಜನರನ್ನು ಕರೆದು ಆಡಿಸಿದೆವು.
ತೊಂಬತ್ತೇಳು ಮಂದಿ ನೇಕಾರರ ಕಡೆ.
ಉಳಿದ ಮೂವರಲ್ಲಿ ಒಬ್ಬನಿಗೆ ಬೆರಳು ಜಾರಿತ್ತು,
ಒಬ್ಬಳಿಗೆ ಧಣಿಯ ತುಪ್ಪಳದ ಕೋಟು ಹಿಡಿಸಿತ್ತು,
ಇನ್ನೊಬ್ಬ ಏನೂ ಹೇಳದೆ ಬಿಸ್ಕತ್ತು ತಿಂದು ಹೋದ.

"ಇದು ಧರ್ಮಸಂಕಟವಲ್ಲ, ಬೊಗ್ನಾ," ಅಂದ ಸೆವೆರಿನ್,
"ಬಾಣದ ಗುರುತು ಬರೆದ ಬಾಗಿಲು.
ಸ್ವಲ್ಪ ಬೂದಿ ಬಣ್ಣ ಬಳಿ."
ಅವನ ಬೆನ್ನ ಹಿಂದಿನ ಕಪಾಟಿನಲ್ಲಿ ಕಾಮಿಕ್ಸ್ ಪುಸ್ತಕಗಳು,
ಎರಡು ಬಣವಾಗಿ ಗುದ್ದಿಕೊಳ್ಳುವ ಮುಖವಾಡದ ವೀರರು.
ಒಂದು ಬಣಕ್ಕೆ ಮಾತ್ರ ದವಡೆ ಚೆಂದ.

ಅವನ ಮಾತು ಸುಳ್ಳಲ್ಲ.
ಮೊದಲ ದೃಶ್ಯದಲ್ಲೇ ಧಣಿಯಿಂದ ನಾಯಿಗೆ ಒದೆಸಿದ್ದವಳು ನಾನೇ.
ಕುಂಟುವ ನಾಯಿ, ಸಾಲದೆಂದು ಅದಕ್ಕೆ ಮೂರು ಮರಿ.
ನ್ಯಾಯ ತಾನಾಗಿ ನಿಲ್ಲುತ್ತದೆ ಎಂದು ನಂಬಿದವಳು
ನಾಯಿಯನ್ನೇಕೆ ಕರೆತಂದೆ?
ಧಣಿ ಅದಕ್ಕೆ ಹಾಲು ಹಾಕುವವನಾಗಿದ್ದರೂ
ಬಣ್ಣದ ಕೊಪ್ಪರಿಗೆಯ ಹಬೆಗೆ ಎದೆ ಸುಟ್ಟುಕೊಂಡವರು
ಸುಟ್ಟುಕೊಂಡವರೇ.
ಹಾಗೆ ಬರೆಯಲು ಧೈರ್ಯ ಸಾಲಲಿಲ್ಲ.

ನಾಯಿಯನ್ನು ತೆಗೆಯಬಹುದಿತ್ತು. ತೆಗೆಯಲಿಲ್ಲ.
ಶುಕ್ರವಾರದೊಳಗೆ ಬೇಕಿತ್ತು.

ಅಂಗಡಿಯವರಿಗೆ ಗೊತ್ತು:
ತಕ್ಕಡಿ ಒಂದೇ ಕಡೆ ವಾಲಿದರೆ
ಹಗುರದ ತಟ್ಟೆಗೆ ಪಾಸಂಗದ ಕಲ್ಲು.
ಸರಕು ಮುಟ್ಟಬೇಕಾಗಿಲ್ಲ.
ಮೂರನೆಯ ಅಧ್ಯಾಯಕ್ಕೆ ಒಂದು ಮಗುವನ್ನು ತಂದೆ.
ಧಣಿಯ ಮಗಳು, ಏಳು ವರ್ಷ, ಮುಂದಿನ ಹಲ್ಲು ಬಿದ್ದಿದೆ.
ನೇಕಾರರ ನಾಯಕಿ ಅವಳ ಕೈಹಿಡಿದು, ಮಾತಾಡಿಸುತ್ತಾ,
ನೀಲಿಯ ಕೊಪ್ಪರಿಗೆಯವರೆಗೆ ನಡೆಸಿಕೊಂಡು ಹೋಗುತ್ತಾಳೆ.
ನಾಲ್ಕು ಸಾಲು. ಊಟದ ಬಿಡುವಿಗೆ ಮೊದಲೇ ಮುಗಿಯಿತು.

ಮತ್ತೆ ನೂರು ಜನ. ಐವತ್ತೆರಡು, ನಲವತ್ತೆಂಟು.
ಸೆವೆರಿನ್ ಗಸಗಸೆ ಕೇಕು ತರಿಸಿದ.
"ನೋಡು, ಈಗ ಯೋಚಿಸುತ್ತಿದ್ದಾರೆ!"

ರಾತ್ರಿ ಪಾಳಿಯ ಲುದ್ವಿಕಾ
ದೋಷಪಟ್ಟಿಗೆ ಒಂದು ಸೇರಿಸಿದ್ದಳು.
ಸಂಖ್ಯೆ ನಾಲ್ಕು ಸಾವಿರದ ನೂರ ಹದಿನೇಳು:
"ಮೊದಲ ಅಧ್ಯಾಯದಲ್ಲಿ ಈ ನಾಯಕಿ
ಮುಷ್ಕರದ ಹನ್ನೊಂದನೆಯ ದಿನ
ಕಾವಲುಗಾರನ ಮಗನಿಗೂ ರೊಟ್ಟಿ ಮುರಿದು ಕೊಡುತ್ತಾಳೆ.
ಮೂರರಲ್ಲಿ ಕೊಲ್ಲುತ್ತಾಳೆ. ನಡುವೆ ಏನೂ ಆಗಿಲ್ಲ.
ಎರಡು ಸಲ ಆಡಿ ಹುಡುಕಿದೆ.
ಕೈ ಅವಳದು, ನಡಿಗೆ ಬೇರೆ ಯಾರದೋ.
ತೀವ್ರತೆ: ಹೆಚ್ಚು."

ನಾನು ಬರೆದೆ: "ದೋಷವಲ್ಲ. ಉದ್ದೇಶಪೂರ್ವಕ."
ಮುಚ್ಚಿದೆ.
ಮುಚ್ಚಿದ ಮೇಲೆ ಆ ಪದಕ್ಕೆ
ನ್ಯಾಯಾಲಯದಲ್ಲಿರುವ ಅರ್ಥ ನೆನಪಾಯಿತು.

ಬೆಳಗ್ಗೆ ಅದರ ಕೆಳಗೆ ಅವಳದೇ ಇನ್ನೊಂದು ಸಾಲು:
"ಹಾಗಾದರೆ ಮಗುವಿಗೆ ಹೆಸರಾದರೂ ಇಡಿ.
ಕಡತದಲ್ಲಿ ಅವಳಿನ್ನೂ 'ಮಗು-೨'."

ಮಗು-೧ ಏನಾಯಿತೋ ನನಗೂ ನೆನಪಿಲ್ಲ.

ಟ್ರಾಮಿನಲ್ಲಿ ಮನೆ ಸೇರುವವರೆಗೂ ಹೆಸರು ಹುಡುಕಿದೆ.
ತೆಕ್ಲಾ ಎಂದಿಟ್ಟೆ.
ಬಿದ್ದ ಹಲ್ಲನ್ನು ಬೆಂಕಿಪೊಟ್ಟಣದಲ್ಲಿಟ್ಟುಕೊಂಡು
ಸಿಕ್ಕಿದವರಿಗೆಲ್ಲ ತೋರಿಸುವ ಒಂದು ಮಾತನ್ನೂ ಕೊಟ್ಟೆ.
ಪ್ರಾಯಶ್ಚಿತ್ತ ಅಂದುಕೊಂಡೆ.

ಮುಂದಿನ ವಾರದ ಲೆಕ್ಕ: ಮೂವತ್ತೊಂದು, ಅರವತ್ತೊಂಬತ್ತು.
ಧಣಿ ಗೆಲ್ಲುತ್ತಿದ್ದಾನೆ.
ನಾಯಿ ಈಗಲೂ ಕುಂಟುತ್ತಿದೆ, ಯಾರೂ ನೋಡುತ್ತಿಲ್ಲ.

ಕಲ್ಲಿಗೆ ಹೆಸರಿಟ್ಟರೆ ತೂಕ ಹೆಚ್ಚುತ್ತದೆಂದು
ಯಾವ ಅಂಗಡಿಯವನೂ ನನಗೆ ಹೇಳಿರಲಿಲ್ಲ.